ಯಾರ ನೆನಪು ಪಾಠವಾಗಬೇಕು?

ಓದು ಬರಹ ಬಾರದವರನ್ನು ಕತ್ತಲೆಯಲ್ಲಿರುವವರು ಎಂದು ಕರೆಯುವ ಚಾಳಿ ನಮ್ಮ ಅಕ್ಷರಸ್ಥ ಸಮಾಜಕ್ಕೆ ಬಹಳ ಹಳೆಯದು. ಸಾಕ್ಷರತೆಯ ಗೋಡೆಬರಹ ನೋಡಿರಿ, ಜಾಥಾದ ಬ್ಯಾನರು ನೋಡಿರಿ, ಉದ್ಘಾಟನೆಯ ಭಾಷಣ ಕೇಳಿರಿ. ಎಲ್ಲ ಕಡೆಗೂ ಒಂದು ದೀಪ ಇರುತ್ತದೆ, ದೀಪ ಹಿಡಿದ ಒಂದು ಕೈ ಇರುತ್ತದೆ. ಆ ಕೈ ಯಾವತ್ತೂ ಕಲಿಸುವವರದು. ಕಲಿಯಲಿಕ್ಕೆ ಬಂದವರ ಕೈಯಾಗ ಏನಿತ್ತು ಅಂತ ಯಾರೂ ಕೇಳೂದಿಲ್ಲ. ಹೀಗೆ ಕೇಳದೆ ಇರುವುದರಲ್ಲಿ ಒಂದು ರಾಜಕಾರಣ ಇದೆ. ವಯಸ್ಕರ ಶಿಕ್ಷಣದ ಬಗ್ಗೆ ನಮ್ಮ ತಕರಾರು ಇಲ್ಲಿಂದಲೇ ಶುರುವಾಗುತ್ತದೆ.

ನಾವು ಮೊರಬದವರು. ನವಲಗುಂದ ತಾಲೂಕಿನ ಎರಿ ಹೊಲದಾಗ ಕೂಲಿ ಮಾಡಿದವರ ಮಕ್ಕಳು. ನಮ್ಮ ಮನೆಗಳಲ್ಲಿ ಡಿಗ್ರಿ ಕಾಗದ ಕಂಡವರು ನಾವೇ ಮೊದಲು. ನಮ್ಮ ಹಿಂದೆ ಇರುವುದೆಲ್ಲ ಹೆಬ್ಬೆಟ್ಟುಗಳ ಸಾಲು. ಆದರೆ ಆ ಸಾಲಿನವರಿಗೆ ಏನು ಗೊತ್ತಿರಲಿಲ್ಲ? ಎರಿ ಭೂಮಿಯಲ್ಲಿ ಎಷ್ಟು ಹಸಿ ಇದ್ದರೆ ಕೂರಿಗೆ ಹೂಡಬೇಕು ಎಂಬುದು ಗೊತ್ತಿತ್ತು. ಯಾವ ಮಳೆಗೆ ಹೆಸರು, ಯಾವ ಮಳೆಗೆ ಹಿಂಗಾರಿ ಜೋಳ ಎಂಬುದು ಗೊತ್ತಿತ್ತು. ಯಾರ ಕಣದಲ್ಲಿ ಅಳೆಯುವ ಸೇರು ಸಣ್ಣದು, ಯಾರ ಲೆಕ್ಕದಲ್ಲಿ ಬಡ್ಡಿಗೆ ಬಡ್ಡಿ ಹುಟ್ಟುತ್ತದೆ ಎಂಬುದು ಚೆನ್ನಾಗಿ ಗೊತ್ತಿತ್ತು. ನವಲಗುಂದದ ಜಮಖಾನಕ್ಕೆ ಇಂದು ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ಅದನ್ನು ನೇಯುವ ಮುಸ್ಲಿಂ ಹೆಣ್ಣುಮಕ್ಕಳು ನವಿಲನ್ನೂ ಪಗಡೆ ಹಾಸನ್ನೂ ಎಳೆ ಎಣಿಸಿ ಮೂಡಿಸುತ್ತಾರೆ. ಎಳೆಯ ಲೆಕ್ಕ ತಪ್ಪಿದರೆ ನವಿಲು ನವಿಲಾಗುವುದಿಲ್ಲ. ಇಂಥ ಲೆಕ್ಕ ತಲೆಯೊಳಗೆ ಇಟ್ಟುಕೊಂಡವಳನ್ನೂ ಸರ್ಕಾರದ ಪಟ್ಟಿ 'ಅನಕ್ಷರಸ್ಥೆ' ಎಂದು ಬರೆಯುತ್ತದೆ. ಮನುಷ್ಯರನ್ನು ಅವರ ಹತ್ತಿರ ಇಲ್ಲದ್ದರಿಂದ ಗುರುತಿಸುವ ಶಬ್ದ ಅದು. ನಮ್ಮ ಕೇರಿಗೆ ಇಂಥ ಶಬ್ದಗಳ ಪರಿಚಯ ಮೊದಲಿನಿಂದಲೂ ಇದೆ. ಮುಟ್ಟಬಾರದವರು, ಒಳಗೆ ಬರಬಾರದವರು, ಈಗ ಅಕ್ಷರ ಬಾರದವರು.

ಅಕ್ಷರ ಬೇಡ ಎಂದು ನಾವು ಹೇಳುತ್ತಿಲ್ಲ. ಅಕ್ಷರ ಸಿಗದಂತೆ ನೋಡಿಕೊಂಡ ವ್ಯವಸ್ಥೆ ಯಾವುದು ಎಂದು ಬಲ್ಲವರು ಹಾಗೆ ಹೇಳಲಾರರು. 2011ರ ಜನಗಣತಿಯಲ್ಲಿ ಕರ್ನಾಟಕದ ಸಾಕ್ಷರತೆ ಶೇಕಡಾ 75.36. ಪರಿಶಿಷ್ಟ ಜಾತಿಯವರದು ಶೇಕಡಾ 65.33. ನಡುವಿನ ಆ ಹತ್ತರ ಅಂತರ ನಮ್ಮವರ ಸೋಮಾರಿತನದಿಂದ ಹುಟ್ಟಿದ್ದಲ್ಲ. ಅದರಲ್ಲಿ ಜೀತ ಇದೆ, ಗುಳೆ ಇದೆ, ಶಾಲೆಯ ಹೊರಗೆ ಕೂತು ಪಾಠ ಕೇಳಿದ ತಲೆಮಾರು ಇದೆ. ಆದ್ದರಿಂದ ಕೇರಿಗೆ ಅಕ್ಷರ ಬರುವಾಗ ಅದು ಈ ಇತಿಹಾಸವನ್ನು ಮಾತಾಡಿಸಿಕೊಂಡೇ ಬರಬೇಕು. ಮಾತಾಡಿಸದೆ ಬಂದ ಅಕ್ಷರ ಮತ್ತೊಬ್ಬ ಧಣಿಯಾಗುತ್ತದೆ.

ಸರ್ಕಾರದ ದಾಖಲೆಯನ್ನೇ ತೆಗೆದು ನೋಡೋಣ. 1978ರ ಅಕ್ಟೋಬರ್ 2ರಂದು ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ ಶುರುವಾಯಿತು. 15ರಿಂದ 35 ವಯಸ್ಸಿನ 10 ಕೋಟಿ ಜನರನ್ನು ಐದು ವರ್ಷದಲ್ಲಿ ತಲುಪುವ ಗುರಿ ಇಟ್ಟುಕೊಂಡರು. ಅದರ ಕಾಗದದಲ್ಲಿ ಮೂರು ಮಾತು ಇದ್ದವು: ಸಾಕ್ಷರತೆ, ಕಾರ್ಯಕುಶಲತೆ, ಸಾಮಾಜಿಕ ಅರಿವು. ಮೂರನೆಯ ಮಾತು ಅಪಾಯದ್ದು. ತನ್ನ ಬಡತನಕ್ಕೆ ಹಣೆಬರಹ ಕಾರಣವಲ್ಲ ಎಂದು ಕೂಲಿಯವನಿಗೆ ತಿಳಿದರೆ ಮರುದಿನ ಹೊಲದಲ್ಲಿ ಕೂಲಿಯ ಮಾತು ಬರುತ್ತದೆ. 1988ರ ಮೇ 5ರಂದು ರಾಷ್ಟ್ರೀಯ ಸಾಕ್ಷರತಾ ಮಿಷನ್ ಬಂತು. ಅದರಡಿ ನಡೆದ ಸಂಪೂರ್ಣ ಸಾಕ್ಷರತಾ ಆಂದೋಲನಕ್ಕೆ ಸುಮಾರು 200 ತಾಸಿನ ಕಲಿಕೆ, ಮೂರು ಭಾಗದ ವಾಚಕ. 2009ರಲ್ಲಿ ಸಾಕ್ಷರ ಭಾರತ ಬಂತು, 2018ರಲ್ಲಿ ಮುಗಿಯಿತು. 2022ರಲ್ಲಿ ನವಭಾರತ ಸಾಕ್ಷರತಾ ಕಾರ್ಯಕ್ರಮ ಬಂತು. ಅದರ ಪರೀಕ್ಷೆ 150 ಅಂಕದ್ದು: ಓದಿಗೆ 50, ಬರಹಕ್ಕೆ 50, ಲೆಕ್ಕಕ್ಕೆ 50. ಸಾಮಾಜಿಕ ಅರಿವಿಗೆ ಎಷ್ಟು ಅಂಕ ಎಂದು ಕೇಳಿದರೆ ಉತ್ತರ ಇಲ್ಲ. ಈ ನಾಲ್ಕು ದಶಕಗಳಲ್ಲಿ ಹೆಸರು ಬದಲಾಗುತ್ತ ಬಂದವು, ಮೂರನೆಯ ಮಾತು ಅಳತೆಯಿಂದ ಹೊರಗೆ ಉಳಿಯಿತು. ಅಂಕ ಇಲ್ಲದ್ದನ್ನು ಕಲಿಸಲಿಕ್ಕೆ ಯಾರಿಗೂ ವ್ಯಾಳ್ಯಾ ಇರೂದಿಲ್ಲ.

ಈ ಮಾತು ಪಾಠದ ಹಲಗೆಯ ಮುಂದೆ ಹೇಗೆ ಕಾಣುತ್ತದೆ ನೋಡಿರಿ. ನಮ್ಮ ಭಾಗದ ಒಂದು ಕಲಿಕಾ ಕೇಂದ್ರದಲ್ಲಿ ಕೂತು ನಾವು ಕಂಡದ್ದು ಇದು. ಕಲಿಸುವ ಹುಡುಗಿ ಹಲಗೆಯ ಮೇಲೆ 'ಕೆರೆ' ಎಂದು ಬರೆದಳು. ಎರಿ ಸೀಮೆಯಲ್ಲಿ ಬಾವಿಯ ನೀರು ಸವುಳು, ಕುಡಿಯಲಿಕ್ಕೆ ಕೆರೆಯೇ ಗತಿ. ಅಕ್ಷರ ನೋಡುತ್ತಿದ್ದ ಒಬ್ಬ ಆಯಿ ಬಾಯಿ ಬಿಟ್ಟಳು: "ಅಕ್ಕೋರ, ಕೆರಿ ಅಂದ್ರ ನಮಗ ದಂಡಿರಿ. ಒಳಗ ಇಳಿಯೂ ಹಂಗಿರಲಿಲ್ಲ. ಕೊಡಾ ಇಟಗೊಂಡು ದಂಡಿ ಮ್ಯಾಲ ಕುಂದ್ರತಿದ್ವಿ. ಯಾರರ ಪುಣ್ಯಾತ್ಮರು ಬಂದು ಹಾಕಿದ್ರ ನೀರು, ಇಲ್ಲಂದ್ರ ಹೊತ್ತು ಮುಣಗೂತನ ದಾರಿ ಕಾಯೂದು." ಉಳಿದ ಹೆಣ್ಣುಮಕ್ಕಳು ತಲೆ ಎತ್ತಿದರು. ಒಬ್ಬಾಕೆ 'ಹೌದ್ರಿ' ಅಂದಳು, ಇನ್ನೊಬ್ಬಾಕೆ ತನ್ನ ಅತ್ತೆಯ ಮಾತು ತೆಗೆದಳು. ಆಗ ಕಲಿಸುವಾಕೆ, "ಆಯಿ, ಅದೆಲ್ಲಾ ಹಿಂದಿಂದು, ಈಗ ಯಾಕ? 'ಕೆ' ತಿದ್ದು ನೀ" ಅಂದಳು. ಆಯಿ ತಿದ್ದಿದಳು. 'ಕೆ' ದುಂಡಗೆ ಬಂತು.

ಆ ಹುಡುಗಿ ಕೆಟ್ಟವಳಲ್ಲ. ಅವಳ ಕೈಯಲ್ಲಿದ್ದ ಪುಸ್ತಕ, ಅವಳ ಮೇಲಿದ್ದ ವೇಳಾಪಟ್ಟಿ, ಅವಳು ಕಲಿತ ಶಾಲೆ, ಎಲ್ಲವೂ ಅವಳಿಗೆ ಕಲಿಸಿದ್ದು ಒಂದೇ: ನೆನಪು ಪಾಠಕ್ಕೆ ಅಡ್ಡಿ. ಆದರೆ ಅವತ್ತು ಪಾಠ ಶುರುವಾಗಿದ್ದೇ ಆಯಿ ಬಾಯಿ ಬಿಟ್ಟಾಗ. ಯಾಕೆ ಇಳಿಯುವ ಹಾಗಿರಲಿಲ್ಲ? ಕೆರೆ ತೋಡಿದವರು ಯಾರು? ಹೂಳು ಎತ್ತಿದವರು ಯಾರು? ಇಳಿಯಬಾರದು ಎಂದು ಯಾವ ಕಾಗದದಲ್ಲಿ ಬರೆದಿತ್ತು? ಬರೆದಿರದಿದ್ದರೆ ಎಲ್ಲರೂ ಅದನ್ನು ಹೇಗೆ ಪಾಲಿಸಿದರು? ಇಂದು ನಳ ಬಂದ ಮೇಲೆ ಕೇರಿಯ ನಳಕ್ಕೆ ನೀರು ಎಷ್ಟು ಹೊತ್ತಿಗೆ ಬರುತ್ತದೆ? ಇಷ್ಟು ಪ್ರಶ್ನೆ ಆ ಎರಡು ಅಕ್ಷರದೊಳಗೆ ಇದ್ದವು. ಎಲ್ಲವನ್ನೂ ಒರೆಸಿ ಬರಿಯ 'ಕೆ' ಉಳಿಸಿದೆವು ಎಂದಾದರೆ ಅದಕ್ಕೆ ಶಿಕ್ಷಣ ಎಂಬ ಹೆಸರು ಒಪ್ಪುವುದಿಲ್ಲ.

ಬ್ರೆಜಿಲ್ ದೇಶದ ಪಾವ್ಲೊ ಫ್ರೇರಿ ಇದನ್ನೇ ಹಿಡಿದು ಕೆಲಸ ಮಾಡಿದವನು. 1963ರಲ್ಲಿ ಆಂಗಿಕೋಸ್ ಎಂಬ ಊರಿನಲ್ಲಿ ಸುಮಾರು 300 ಜನ ಕೂಲಿಕಾರರಿಗೆ 40 ತಾಸಿನಲ್ಲಿ ಓದು ಕಲಿಸುವ ಪ್ರಯೋಗ ನಡೆಯಿತು. ಅಲ್ಲಿ ಅಕ್ಷರಮಾಲೆಯಿಂದ ಶುರು ಮಾಡಲಿಲ್ಲ. ಆ ಜನ ದಿನಾ ಆಡುವ ಮಾತುಗಳನ್ನು ಮೊದಲು ಕೇಳಿ ಕಲೆಹಾಕಿದರು. 'ಇಟ್ಟಿಗೆ' ಎಂಬ ಮಾತು ಬಂದರೆ, ಇಟ್ಟಿಗೆ ಹೊತ್ತವನಿಗೆ ಮನೆ ಯಾಕಿಲ್ಲ ಎಂಬ ಚರ್ಚೆ ಮುಗಿದ ಮೇಲೆ ಆ ಮಾತನ್ನು ಒಡೆದು ಅಕ್ಷರ ಮಾಡುವ ಪದ್ಧತಿ ಅದು. ಮರುವರ್ಷ 1964ರಲ್ಲಿ ಸೈನಿಕ ಸರ್ಕಾರ ಬಂದದ್ದೇ ಫ್ರೇರಿಯನ್ನು ಜೇಲಿಗೆ ಹಾಕಿತು, ಆಮೇಲೆ ಅವನು ದೇಶ ಬಿಟ್ಟ. ಅಕ್ಷರ ಕಲಿಸಿದ್ದಕ್ಕೆ ಯಾವ ಸರ್ಕಾರವೂ ಜೇಲಿಗೆ ಹಾಕುವುದಿಲ್ಲ, ಬಹುಮಾನ ಕೊಡುತ್ತದೆ. ಜೇಲು ಬಂದದ್ದು ಇಟ್ಟಿಗೆಯ ಪ್ರಶ್ನೆಗೆ.

ಇದಕ್ಕೆ ಬ್ರೆಜಿಲ್ಲಿಗೇ ಹೋಗಬೇಕಾಗಿಲ್ಲ. ಜೋತಿಬಾ ಫುಲೆ ಮತ್ತು ಸಾವಿತ್ರಿಬಾಯಿ ಪುಣೆಯಲ್ಲಿ ರೈತರಿಗೆ, ಕೂಲಿಕಾರರಿಗೆ ರಾತ್ರಿ ಶಾಲೆ ತೆರೆದದ್ದು 1855ರಲ್ಲಿ. ಅದೇ ವರ್ಷ ಅವರ ಶಾಲೆಯ ವಿದ್ಯಾರ್ಥಿನಿ, ಮಾಂಗ ಜಾತಿಯ ಸುಮಾರು 14 ವರ್ಷದ ಮುಕ್ತಾ ಸಾಳ್ವೆ, ಮಾಂಗ ಮಹಾರರ ದುಃಖದ ಬಗ್ಗೆ ಬರೆದ ಪ್ರಬಂಧ 'ಜ್ಞಾನೋದಯ' ಪತ್ರಿಕೆಯಲ್ಲಿ ಅಚ್ಚಾಯಿತು. ಆ ಹುಡುಗಿ ತನ್ನ ಜನರಿಗೆ ಏನಾಯಿತು ಎಂಬುದನ್ನೇ ವಿಷಯ ಮಾಡಿಕೊಂಡಳು. ಅವಳಿಗೆ ಕಲಿಸಿದವರು, 'ಅದೆಲ್ಲಾ ಹಿಂದಿಂದು, ನೀನು ಅಕ್ಷರ ತಿದ್ದು' ಎಂದಿದ್ದರೆ ಆ ಪ್ರಬಂಧ ಇರುತ್ತಿರಲಿಲ್ಲ.

ಪಕ್ಕದ ಆಂಧ್ರದ ಸಂಗತಿ ಇನ್ನೂ ಹತ್ತಿರದ್ದು. ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿಯಲ್ಲಿ ಸಾಕ್ಷರತಾ ತರಗತಿಗೆ ಬಂದ ಹೆಣ್ಣುಮಕ್ಕಳು, ಸಾರಾಯಿ ಮನೆ ಹಾಳು ಮಾಡಿದ ಕತೆಯ ಪಾಠವನ್ನು ಓದಿ, ಇದು ನಮ್ಮದೇ ಕತೆ ಎಂದು ಎದ್ದರು. 1992ರಲ್ಲಿ ಆ ಸಿಟ್ಟು ಜಿಲ್ಲೆ ತುಂಬ ಹಬ್ಬಿತು, ರಾಜ್ಯ ತುಂಬ ಹಬ್ಬಿತು. 1993ರ ಅಕ್ಟೋಬರ್ 1ರಿಂದ ಆಂಧ್ರದಲ್ಲಿ ಸಾರಾಯಿ ಬಂದ್ ಆಯಿತು. ಪಾಠ ಬರೆದವರು ಇಷ್ಟು ಎಣಿಸಿದ್ದರೋ ಇಲ್ಲವೋ, ಆ ಮಾತು ಬೇರೆ. ಪಾಠ ಮತ್ತು ಬದುಕು ಒಂದಕ್ಕೊಂದು ತಾಗಿದವು, ಕಿಡಿ ಹೊತ್ತಿತು. ಅಲ್ಲಿ ಹೆಣ್ಣುಮಕ್ಕಳು ಒಬ್ಬೊಬ್ಬರೇ ಬದಲಾಗಲಿಲ್ಲ ಎಂಬುದನ್ನೂ ಗಮನಿಸಬೇಕು. ಒಬ್ಬಳ ಹೊಡೆತದ ನೆನಪು ಅವಳ ಮನೆಯ ಮರ್ಯಾದೆಯ ಪ್ರಶ್ನೆ. ನಲವತ್ತು ಜನರ ಹೊಡೆತದ ನೆನಪು ಒಂದೇ ಕೋಣೆಯಲ್ಲಿ ಕೂಡಿದಾಗ ಅದು ಅಬಕಾರಿ ನೀತಿಯ ಪ್ರಶ್ನೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ನೆನಪು ಎಂದಕೂಡಲೇ ಅದಕ್ಕೆ ಕೈಮುಗಿಯುವ ಗೆಳೆಯರು ನಮ್ಮಲ್ಲಿ ಇದ್ದಾರೆ. ಜನರ ಅನುಭವ ಅಂದರೆ ಅದೇ ಸತ್ಯ, ಅದನ್ನು ಪ್ರಶ್ನಿಸಬಾರದು ಎನ್ನುವ ಮಾತು ಕೇಳಲಿಕ್ಕೆ ಛಲೋ ಐತಿ. ಆದರೆ ನೆನಪಿಗೂ ಜಾತಿ ಇದೆ, ನೆನಪಿಗೂ ಗಂಡು ಹೆಣ್ಣು ಇದೆ. "ಹಿಂದಕ ಊರಾಗ ಎಲ್ಲಾರೂ ಹೊಂದಿಕೊಂಡು ಇದ್ದಿವಿ" ಎಂಬುದು ಗೌಡರ ನೆನಪು. ಹೊಂದಿಕೊಂಡವರು ಯಾರು ಎಂದು ಕೇರಿಗೆ ಕೇಳಬೇಕು. ನಮ್ಮ ಹಿರಿಯರ ಬಾಯಲ್ಲೂ, "ನಮ್ಮಪ್ಪ ಹಂಗ ಮಾಡ್ಯಾನ, ನಾವೂ ಹಂಗ ಮಾಡಬೇಕ" ಎಂಬ ಮಾತು ಬರುತ್ತದೆ. ಅದು ಹೊಡೆತ ತಿಂದ ಬೆನ್ನು ತನ್ನನ್ನು ಕಾಪಾಡಿಕೊಳ್ಳಲಿಕ್ಕೆ ಕಲಿತ ಮಾತು. ಅದನ್ನು ಗೌರವದಿಂದ ಕೇಳಬೇಕು, ಕೇಳಿ ಬಿಚ್ಚಬೇಕು. ಕೇರಿಯ ಗಂಡಸರು ಧಣಿಯ ದಬ್ಬಾಳಿಕೆ ನೆನೆಯುತ್ತಾರೆ, ಮನೆಯೊಳಗೆ ತಾವು ಎತ್ತಿದ ಕೈ ನೆನೆಯುವುದಿಲ್ಲ. ಅದನ್ನು ನೆನೆಯುವವರು ಬೇರೆ. ಅವರ ಮಾತಿಗೂ ಹಲಗೆಯ ಮೇಲೆ ಜಾಗ ಬೇಕು.

ನಮ್ಮ ಸೀಮೆಯ ದೊಡ್ಡ ನೆನಪು ಯಾವುದೆಂದರೆ 1980ರ ಜುಲೈ 21. ಮಲಪ್ರಭಾ ಅಚ್ಚುಕಟ್ಟಿನಲ್ಲಿ, ಹೊಲಕ್ಕೆ ನೀರು ಸರಿಯಾಗಿ ಮುಟ್ಟದವರಿಗೂ ಬೆಟರ್‌ಮೆಂಟ್ ಲೆವಿ ಎಂಬ ಕರ ಹಾಕಿದರು. ನವಲಗುಂದ, ನರಗುಂದಗಳಲ್ಲಿ ರೈತರು ಎದ್ದರು. ಗೋಲಿಬಾರ್ ಆಯಿತು, ರೈತರು ಸತ್ತರು. ಅವತ್ತು ರಸ್ತೆಗೆ ಇಳಿದವರಲ್ಲಿ ಎಷ್ಟೋ ಜನ ನೋಟೀಸು ಓದಲಾರದವರು. ಆದರೂ ಆ ಕರ ಅನ್ಯಾಯ ಎಂಬುದು ಅವರಿಗೆ ತಿಳಿಯಿತು, ಯಾಕೆಂದರೆ ನೋಟೀಸಿನಲ್ಲಿ ಬರೆದಿದ್ದ ನೀರು ಹೊಲದ ಕಾಲುವೆಯಲ್ಲಿ ಇರಲಿಲ್ಲ. ಬದುಕೇ ಕಲಿಸಿದ ಪಾಠಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನಮ್ಮ ಕಡೆ ಇಲ್ಲ. ಆ ದಿನವನ್ನು ಇಂದಿಗೂ ಹುತಾತ್ಮ ದಿನವೆಂದು ನೆನೆಯುತ್ತಾರೆ, ನೆನೆಯಲೇಬೇಕು. ಜೊತೆಗೆ ನಾವು ಕೇಳುವ ಪ್ರಶ್ನೆ ಇಷ್ಟೇ: ಅದೇ ಹೊಲಗಳಲ್ಲಿ ಕಸ ತೆಗೆದ, ಹತ್ತಿ ಬಿಡಿಸಿದ, ಒಂದು ಗುಂಟೆಯೂ ಇಲ್ಲದ ಕೂಲಿ ಹೆಣ್ಣುಮಕ್ಕಳಿಗೆ ಆ ವರ್ಷದ ನೆನಪು ಏನು? ಆ ವರ್ಷ ಅವರ ದಿನಗೂಲಿ ಎಷ್ಟಿತ್ತು? ಅದನ್ನು ಯಾವ ಕಲ್ಲಿನ ಮೇಲೂ ಕೆತ್ತಿಲ್ಲ, ಯಾವ ವಾಚಕದಲ್ಲೂ ಅಚ್ಚು ಮಾಡಿಲ್ಲ. ಅವರು ಇನ್ನೂ ನಮ್ಮ ನಡುವೆ ಇದ್ದಾರೆ, ಕೇಳಿದರೆ ಹೇಳುತ್ತಾರೆ. ಕೇಳುವ ಶಾಲೆ ಬೇಕು.

ನೆನಪು ಕಾಗದಕ್ಕೆ ಬರದಿದ್ದರೆ ಆಗುವ ನಷ್ಟ ಭಾವನೆಯದಷ್ಟೇ ಅಲ್ಲ, ಹೊಲದ್ದು. 1974ರಲ್ಲಿ ಭೂಸುಧಾರಣೆ ಕಾಯಿದೆಗೆ ತಿದ್ದುಪಡಿ ಬಂತು, ಗೇಣಿ ರದ್ದಾಯಿತು. ಉಳುವವನು ಭೂನ್ಯಾಯ ಮಂಡಳಿಗೆ 'ನಮೂನೆ 7'ರಲ್ಲಿ ಅರ್ಜಿ ಹಾಕಬೇಕಿತ್ತು. ಬಹಳ ಕಡೆ ಲಾವಣಿ ಅನ್ನುವುದು ಬರೀ ಬಾಯಿಮಾತು. ಉತಾರದಲ್ಲಿ ಉಳುವವನ ಹೆಸರು ಇಲ್ಲ. ಹಾಗಾದರೆ ಅವನ ಹತ್ತಿರ ಇದ್ದ ಸಾಕ್ಷಿ ಏನು? ನೆನಪು. ಯಾವ ವರ್ಷ ಯಾವ ಬೆಳೆ, ಕಣದಲ್ಲಿ ಪಾಲು ಹೇಗೆ ಅಳೆದರು, ಬಾಜೂ ಹೊಲದವರು ಯಾರು ಕಂಡಿದ್ದರು, ಇಷ್ಟೇ. ಈ ನೆನಪನ್ನು ಅರ್ಜಿಯ ಕಟ್ಟಿನೊಳಗೆ ಇಟ್ಟು ಮಂಡಳಿಯ ಮುಂದೆ ನಿಂತು ಹೇಳಿದವನಿಗೆ ಹೊಲ ಬರುವ ದಾರಿ ಇತ್ತು. ಧಣಿಯ ಮಾತಿಗೆ, ಋಣಕ್ಕೆ, ಅಂಜಿಕೆಗೆ ಸುಮ್ಮನಿದ್ದವನ ನೆನಪು ಮನೆಯಲ್ಲೇ ಉಳಿಯಿತು, ಹೊಲ ಧಣಿಯ ಹೆಸರಲ್ಲೇ ಉಳಿಯಿತು. ಬರೀ ಕೂಲಿ ಮಾಡಿದವನಿಗಂತೂ ಆ ನಮೂನೆಯಲ್ಲಿ ಜಾಗವೇ ಇರಲಿಲ್ಲ. ಅನುಭವ ಇದ್ದರೆ ಸಾಲದು, ಅಕ್ಷರ ಇದ್ದರೂ ಸಾಲದು ಎಂಬುದನ್ನು ನಮೂನೆ 7 ಕಲಿಸುತ್ತದೆ. ಅನುಭವವನ್ನು ಹತ್ತು ಜನರ ಮುಂದೆ ಗಟ್ಟಿಯಾಗಿ ಹೇಳಿ, ಕಾಗದಕ್ಕೆ ಇಳಿಸಿ, ಅದರ ಬೆನ್ನಿಗೆ ನಿಲ್ಲುವ ಸಂಘಟನೆ ಬೇಕು.

ಇದನ್ನು ಬಿಟ್ಟು ಬರೀ ಸಹಿ ಕಲಿಸಿದರೆ ಏನಾಗುತ್ತದೆ? ಹೆಬ್ಬೆಟ್ಟು ಒತ್ತಿದವನಿಗೆ ಒಂದು ಅನುಮಾನವಾದರೂ ಇರುತ್ತಿತ್ತು. ಇದರಾಗ ಏನ್ ಬರದಾರೋ ಏನೋ ಅಂತ ನಾಲ್ಕು ಮಂದಿಗೆ ಕೇಳುತ್ತಿದ್ದ. ಸಹಿ ಮಾಡುವವನನ್ನು ಕಾಗದ ತಿಳಿದವನೆಂದು ಲೆಕ್ಕ ಹಿಡಿಯುತ್ತಾರೆ. ಇಂದು ಹಳ್ಳಿ ಹಳ್ಳಿಯಲ್ಲಿ ಹೆಣ್ಣುಮಕ್ಕಳು ಮೈಕ್ರೋಫೈನಾನ್ಸ್ ಸಾಲದ ಹಾಳೆಗಳ ಮೇಲೆ ಸಹಿ ಮಾಡುತ್ತಾರೆ. ಸಹಿ ದುಂಡಗೆ ಇರುತ್ತದೆ. ಬಡ್ಡಿ ಎಷ್ಟು, ಕಂತು ತಪ್ಪಿದರೆ ಏನು, ಗುಂಪಿನ ಒಬ್ಬಾಕೆ ಕಟ್ಟದಿದ್ದರೆ ಉಳಿದವರ ಗತಿ ಏನು ಎಂಬುದನ್ನು ಆ ಹಾಳೆ ಅವರೊಡನೆ ಮಾತಾಡುವುದಿಲ್ಲ. ವಸೂಲಿಯ ಕಿರುಕುಳಕ್ಕೆ ಜನ ಊರು ಬಿಟ್ಟರು, ಜೀವ ಬಿಟ್ಟರು. 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಸಾವುಕಾರನ ಬಡ್ಡಿಯನ್ನು ಬಾಯಿಲೆಕ್ಕದಲ್ಲಿ ಹಿಡಿದ ಅಜ್ಜಿಯ ನೆನಪನ್ನೂ ಕಂತಿನ ಹಾಳೆಯನ್ನೂ ಎದುರುಬದುರು ಇಟ್ಟು ಓದಿಸುವ ಒಂದು ಪಾಠ ಇದ್ದಿದ್ದರೆ ಎಷ್ಟು ಕೈಗಳು ಸಹಿ ಮಾಡುವ ಮೊದಲು ನಿಲ್ಲುತ್ತಿದ್ದವು?

ಸಾಹಿತ್ಯಕ್ಕೂ ಈ ಪ್ರಶ್ನೆ ಹತ್ತುತ್ತದೆ. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದ ಮೇಲೆ, ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ ಅಕ್ಷರ ಬಾರದವರೂ ಆ ಹಾಡುಗಳನ್ನು ಬಾಯಿಪಾಠ ಹಾಡಿದರು. ಅದೇ ನಮ್ಮ ನಿಜವಾದ ವಯಸ್ಕರ ಶಾಲೆ. ಅಲ್ಲಿ ಪುಸ್ತಕ ಕೇರಿಯ ನೆನಪಿನಿಂದ ಎದ್ದು ಕೇರಿಗೇ ಮರಳಿತು. ಆಮೇಲೆ ದಲಿತ ಆತ್ಮಕಥೆಗಳು ಬಂದವು, ಪ್ರಶಸ್ತಿ ಪಡೆದವು, ವಿಶ್ವವಿದ್ಯಾಲಯಗಳ ಪಠ್ಯವಾದವು. ಸಂತೋಷ. ಆದರೆ ಯಾವ ಅವ್ವಂದಿರ ಹಸಿವನ್ನು ಆ ಪುಟಗಳು ಹೇಳುತ್ತವೋ ಆ ಅವ್ವಂದಿರ ಮುಂದೆ ಅವನ್ನು ಗಟ್ಟಿಯಾಗಿ ಓದುವ ವಾಡಿಕೆ ಇನ್ನೂ ಹುಟ್ಟಿಲ್ಲ. ಹುಟ್ಟಿದರೆ ಅವರು ತಿದ್ದುತ್ತಾರೆ, ಜಗಳಾಡುತ್ತಾರೆ, "ಹಂಗಲ್ಲೋ ತಮ್ಮಾ, ಅವತ್ತು ಆದದ್ದು ಹಿಂಗ" ಅನ್ನುತ್ತಾರೆ. ಆ ತಿದ್ದುವಿಕೆಯನ್ನು ತಾಳುವ ಬರಹ ನಮಗೆ ಬೇಕು. ವಿಮರ್ಶಕರ ಮೆಚ್ಚುಗೆಗಿಂತ ಆ ಪರೀಕ್ಷೆ ಕಠಿಣ.

ಹಳ್ಳಿಯಲ್ಲಿ ಕಲಿಸುವ ಗೆಳೆಯರಿಗೆ, ಸಂಘಟನೆಯ ಸಂಗಾತಿಗಳಿಗೆ ನಮ್ಮ ಮಾತು ಇಷ್ಟು. ಮೊದಲ ಹತ್ತು ಸಂಜೆ ವಾಚಕ ತೆರೆಯಬೇಡಿರಿ. ಕೇರಿಯ ಮಾತು ಕೇಳಿರಿ. ಕೆರೆ, ಕೂಲಿ, ಕಣ, ಉತಾರ, ಬಡ್ಡಿ, ಗುಳೆ, ಪಾಳಿ, ಹೀಗೆ ಮೂವತ್ತು ಮಾತು ಸಿಕ್ಕರೆ ಕನ್ನಡದ ಅಕ್ಷರಗಳಲ್ಲಿ ಬಹುಪಾಲು ಅವುಗಳಲ್ಲೇ ಸಿಗುತ್ತವೆ. ಒಂದು ಸಂಜೆಗೆ ಒಂದು ಮಾತು. ಕಲಿಯುವವರು ಹೇಳಿದ್ದನ್ನು ಅವರ ಭಾಷೆಯಲ್ಲೇ ಹಲಗೆಯ ಮೇಲೆ ಬರೆಯಿರಿ. 'ಐತಿ' ಅಂದದ್ದನ್ನು 'ಇದೆ' ಎಂದು ತಿದ್ದಬೇಡಿರಿ. ತನ್ನ ಬಾಯಿಂದ ಬಂದ ಮಾತು ಬರಹವಾಗಿ ನಿಂತದ್ದನ್ನು ಕಂಡವರು ಅಕ್ಷರಕ್ಕೆ ಅಂಜುವುದಿಲ್ಲ. 'ಇದೆ' ಎಂಬುದನ್ನು ಆಮೇಲೆ ಅವರೇ ಕಲಿಯುತ್ತಾರೆ, ಅರ್ಜಿ ಬರೆಯುವ ದಿನ. ಆ ದಿನ ಬರಲೇಬೇಕು. ಪ್ರತಿ ಮಾತಿನ ಕೊನೆಗೆ ಒಂದು ಕೆಲಸ ಇರಲಿ: ಒಂದು ಉತಾರ ತೆಗೆಸುವುದು, ಒಂದು ಸಾಲದ ಹಾಳೆ ಓದುವುದು, ನಳದ ನೀರಿನ ಬಗ್ಗೆ ಪಂಚಾಯತಿಗೆ ಒಂದು ಅರ್ಜಿ. ಅರ್ಜಿ ಕೊಟ್ಟರೆ ತಾರೀಖು ಹಾಕಿದ ಸ್ವೀಕೃತಿ ಕೇಳಿ ತರಬೇಕು.

ಶಿಕ್ಷಣ, ಸಂಘಟನೆ, ಹೋರಾಟ ಎಂದು ನಾವು ಕೂಗುತ್ತ ಬಂದಿದ್ದೇವೆ. ಒಂದು ಮುಗಿದ ಮೇಲೆ ಇನ್ನೊಂದು ಎಂದು ಯಾರಾದರೂ ತಿಳಿದಿದ್ದರೆ ಅದು ಸರಿಯಲ್ಲ. ಕೆರೆಯ ದಂಡೆಯ ಮಾತು ಹಲಗೆಗೆ ಬಂದರೆ ಶಿಕ್ಷಣ. ಅದಕ್ಕೆ ಉಳಿದವರು 'ಹೌದು' ಎಂದು ದನಿಗೂಡಿಸಿದರೆ ಸಂಘಟನೆ. ಅವರೆಲ್ಲ ಕೂಡಿ ಪಂಚಾಯತಿಯ ಮೆಟ್ಟಿಲು ಹತ್ತಿದರೆ ಹೋರಾಟ. ಮೂರೂ ಒಂದೇ ಸಂಜೆಯಲ್ಲಿ ಹುಟ್ಟಬಲ್ಲವು. ಅದಕ್ಕೆ ಮೊದಲು ಬೇಕಾದದ್ದು, ಮುಂದೆ ಕೂತವರು ಬಾಯಿ ಬಿಟ್ಟಾಗ ಸೀಮೆಸುಣ್ಣ ಕೆಳಗಿಟ್ಟು ಕೇಳುವ ಒಬ್ಬ ಮಾಸ್ತರ, ಒಬ್ಬ ಅಕ್ಕೋರು.